ಸೇವಂತಿಗೆಗೆ ರಾತ್ರಿ ದೀಪ: ಹಚ್ಚುವುದು ಯಾವಾಗ, ಆರಿಸುವುದು ಯಾವಾಗ

ದೀಪ ಕಟ್ಟಿದ ಸೇವಂತಿಗೆ ತೋಟಗಳಿಂದ ಬರುವ ದೂರು ಸಾಮಾನ್ಯವಾಗಿ ಎರಡೇ. "ತಿಂಗಳಿಡೀ ಬಲ್ಬು ಉರಿಸಿದೆ, ಆದರೂ ಗಿಡ ಮೊಣಕಾಲೆತ್ತರ ಬರುವ ಮೊದಲೇ ಮೊಗ್ಗು ಕಟ್ಟಿತು" ಎನ್ನುವುದು ಒಂದು. "ಬಲ್ಬು ಆರಿಸಿ ಎರಡು ತಿಂಗಳಾಯಿತು, ಅರ್ಧ ಹೊಲ ಹೂವಾಗಿದೆ, ಉಳಿದರ್ಧ ಹಸಿರಾಗಿಯೇ ನಿಂತಿದೆ" ಎನ್ನುವುದು ಇನ್ನೊಂದು. ಎರಡಕ್ಕೂ ಗೊಬ್ಬರದ ಅಂಗಡಿಯವರು ಏನಾದರೊಂದು ಸಿಂಪರಣೆ ಬರೆದುಕೊಡುತ್ತಾರೆ. ಸಿಂಪರಣೆಯಿಂದ ಇವೆರಡೂ ಸರಿಹೋಗುವುದಿಲ್ಲ. ಮೊದಲ ದೂರಿನಲ್ಲಿ ಗಿಡಕ್ಕೆ ಬೇಡದ ಕತ್ತಲು ಸಿಕ್ಕಿದೆ. ಎರಡನೆಯದರಲ್ಲಿ ಬೇಕಾದ ಕತ್ತಲು ಸಿಕ್ಕಿಲ್ಲ.

ಬಿಡಿ ಹೂವಿಗಾಗಿ ಬಯಲಿನಲ್ಲಿ ಬೆಳೆಯುವವರಿಗೂ ಉದ್ದ ಕಾಂಡದ ಹೂವಿಗಾಗಿ ಪಾಲಿಹೌಸ್‌ನಲ್ಲಿ ಬೆಳೆಯುವವರಿಗೂ ಕ್ರಮ ಒಂದೇ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇನೆ.

## ಮೊದಲು ಇದು ಮನಸ್ಸಿನಲ್ಲಿರಲಿ

ಸೇವಂತಿಗೆ ಎಣಿಸುವುದು ಇರುಳನ್ನು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕು ಬಿದ್ದಾಗ ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಹಿಂದಿನ ರೂಪಕ್ಕೆ ಮರಳುತ್ತದೆ. ಸುಮಾರು ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಡುವೆ ತುಂಡಾಗದ ಕತ್ತಲು ಸಿಕ್ಕರೆ ಹೆಚ್ಚಿನ ತಳಿಗಳ ಕುಡಿ ಎಲೆ ಹುಟ್ಟಿಸುವುದನ್ನು ಬಿಟ್ಟು ಮೊಗ್ಗು ಹುಟ್ಟಿಸತೊಡಗುತ್ತದೆ. ಅದೇ ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೆ ಗಿಡದ ಪಾಲಿಗೆ ಅದು ಎರಡು ಚಿಕ್ಕ ರಾತ್ರಿಗಳಾಗುತ್ತದೆ, ಮೊಗ್ಗು ತಡೆಯುತ್ತದೆ.

ಆದ್ದರಿಂದ ದೀಪವಿರುವುದು ಹೂವನ್ನು ತಡೆಹಿಡಿಯುವುದಕ್ಕೆ. "ದೀಪ ಹಾಕಿದರೆ ಹೂ ಜಾಸ್ತಿ" ಎಂದು ಪಕ್ಕದೂರಿನಲ್ಲಿ ಕೇಳಿಕೊಂಡು ಬಂದು ಮೊಗ್ಗು ಕಾಣಿಸಿಕೊಂಡ ಮೇಲೆ ಬಲ್ಬು ಕಟ್ಟುವವರಿದ್ದಾರೆ. ಆಗ ಇರುವ ಹೂವೂ ಕೆಡುತ್ತದೆ. ದೀಪದಿಂದ ಇಳುವರಿ ಹೆಚ್ಚುವುದು ಸುತ್ತುದಾರಿಯಲ್ಲಿ: ಗಿಡಕ್ಕೆ ಬೆಳೆಯಲು ಸಮಯ ಸಿಗುತ್ತದೆ, ಕಾಂಡ ನೀಳವಾಗುತ್ತದೆ, ಕವಲು ಹೆಚ್ಚುತ್ತದೆ, ಒಂದೊಂದು ಕವಲೂ ಹೂ ಹೊರುತ್ತದೆ.

ಕರ್ನಾಟಕಕ್ಕೆ ಇದು ಮುಖ್ಯವಾಗುವ ಕಾರಣ ನಮ್ಮ ಅಕ್ಷಾಂಶ. ಬೆಂಗಳೂರಿನಲ್ಲಿ ಜೂನ್ ಕೊನೆಯ ಅತಿ ದೀರ್ಘ ಹಗಲು 12 ಗಂಟೆ 50 ನಿಮಿಷದ ಆಸುಪಾಸು, ಡಿಸೆಂಬರಿನ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬು ಬೆಳಕನ್ನು ಸೇರಿಸಿದರೂ ವರ್ಷದ ಬಹುಪಾಲು ನಮ್ಮ ಇರುಳು ಸೇವಂತಿಗೆಗೆ ಮೊಗ್ಗು ಕಟ್ಟುವಷ್ಟು ಉದ್ದವೇ. ಯುರೋಪಿನಲ್ಲಿ ಬೇಸಿಗೆಯ ಉದ್ದ ಹಗಲು ಗಿಡವನ್ನು ತಾನಾಗಿ ಬೆಳೆಸಿಕೊಡುತ್ತದೆ, ಆಮೇಲೆ ಕತ್ತಲನ್ನು ಅವರು ದುಡ್ಡು ಕೊಟ್ಟು ಮಾಡಿಕೊಳ್ಳುತ್ತಾರೆ. ನಮಗೆ ಕತ್ತಲು ಪುಕ್ಕಟೆ, ಬೆಳಕಿಗೆ ದುಡ್ಡು. ಅಲ್ಲಿನ ಕೈಪಿಡಿಗಳನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಲೆಕ್ಕ ತಪ್ಪುವುದು ಇದರಿಂದಲೇ.

## ಬೇಕಾಗುವ ಸಾಮಾನು

- ಎಲ್ಇಡಿ ಬಲ್ಬುಗಳು: 9 ವ್ಯಾಟ್, ಹಳದಿ ಛಾಯೆಯ ಬಿಳಿ ಬೆಳಕಿನವು (2700 ರಿಂದ 3000 ಕೆಲ್ವಿನ್ ಎಂದು ಪೆಟ್ಟಿಗೆಯ ಮೇಲಿರುತ್ತದೆ). 6500 ಕೆಲ್ವಿನ್‌ನ ನೀಲಿ ಛಾಯೆಯ ಬಲ್ಬಿನಲ್ಲಿ ಕೆಂಪು ಪಾಲು ಕಡಿಮೆ. ಈ ಕೆಲಸಕ್ಕೆ ಅದು ಮಂದ.
- ನೀರು ಇಳಿಯದ ಹೋಲ್ಡರ್, ಹೊರಾಂಗಣಕ್ಕೆ ತಕ್ಕ ಹೊದಿಕೆಯ ತಂತಿ, ಕಂಬಗಳು.
- ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಮತ್ತು ಕಾಂಟ್ಯಾಕ್ಟರ್ (ಟೈಮರ್ ಹೇಳಿದಂತೆ ದೀಪಗಳನ್ನೆಲ್ಲ ಹಚ್ಚಿ ಆರಿಸುವ ಸ್ವಿಚ್).
- ಹೊರೆ ಹೆಚ್ಚಾದಾಗ ತಾನಾಗಿ ಬೀಳುವ ಎಂಸಿಬಿ ಸ್ವಿಚ್, ಸೋರಿಕೆ ವಿದ್ಯುತ್ ಕಂಡೊಡನೆ ಕಡಿತಗೊಳಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್.
- ಬೆಳಕು ಎಷ್ಟು ಬೀಳುತ್ತಿದೆ ಎಂದು ಅಳೆಯುವ ಲಕ್ಸ್ ಮೀಟರ್ (ಲಕ್ಸ್ ಎಂಬುದು ಆ ಅಳತೆಯ ಮಾನ). ಮೊಬೈಲಿನ ಆ್ಯಪ್ ಅಂದಾಜಿಗೆ ಸಾಕು, ನಿರ್ಧಾರಕ್ಕೆ ಸಾಲದು.
- ಪಾಲಿಹೌಸ್‌ನವರಿಗೆ ಮತ್ತು ಅಕ್ಕಪಕ್ಕ ದೀಪವಿರುವವರಿಗೆ: ಬೆಳಕು ತೂರದ ಕಪ್ಪು ಪರದೆ.
- ಒಂದು ನೋಟ್‌ಬುಕ್.

ಟೈಮರ್ ವಿಚಾರದಲ್ಲಿ ಕಂಜೂಸುತನ ಬೇಡ. ಮುಳ್ಳು ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ದಿನಕ್ಕೆ ಮೂರು ಗಂಟೆ ಕಡಿತವಿದ್ದರೆ ನಾಲ್ಕು ದಿನದಲ್ಲಿ ಅದು ಹನ್ನೆರಡು ಗಂಟೆ ಹಿಂದೆ ಬಿದ್ದು ನಡುಮಧ್ಯಾಹ್ನ ದೀಪ ಹಚ್ಚಿರುತ್ತದೆ. ಹಗಲಿನಲ್ಲಿ ಉರಿಯುವ ಬಲ್ಬನ್ನು ಯಾರೂ ಗಮನಿಸುವುದಿಲ್ಲ. "ತಿಂಗಳಿಡೀ ಉರಿಸಿದೆ" ಎಂದವರ ತೋಟಕ್ಕೆ ಹೋದಾಗ ನೋಡಬೇಕಾದ ಮೊದಲ ವಸ್ತು ಈ ಟೈಮರ್.

ಪಂಪ್‌ಸೆಟ್ಟಿನ ಸಂಪರ್ಕದಿಂದ ದೀಪಕ್ಕೆ ತಂತಿ ಎಳೆಯುವ ಮುನ್ನ ನಿಮ್ಮ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಮೂರು ಫೇಸ್ ವಿದ್ಯುತ್ ಪಾಳಿಯಲ್ಲಿ ಬರುತ್ತದೆ. ನಡುರಾತ್ರಿ ನಿಮ್ಮ ಸಾಲಿನಲ್ಲಿ ಇರುತ್ತದೆಯೇ ಎಂಬುದು ಲೈನ್‌ಮ್ಯಾನ್‌ಗೆ ಗೊತ್ತಿರುತ್ತದೆ.

## ಹಂತ 1: ಹಬ್ಬದಿಂದ ಹಿಂದಕ್ಕೆ ಎಣಿಸಿ

ನಾಟಿಯ ದಿನದಿಂದ ಮುಂದಕ್ಕೆ ಎಣಿಸುವವರು ಹೂ ಬಂದಾಗ ಮಾರುಕಟ್ಟೆ ಹುಡುಕುತ್ತಾರೆ. ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ: ಯಾವ ಹಬ್ಬಕ್ಕೆ ಹೂ ಬೇಕೋ ಅದನ್ನು ಮೊದಲು ಬರೆದುಕೊಳ್ಳಿ.

ನಂತರ ನಿಮ್ಮ ತಳಿಯ ಅವಧಿ ತಿಳಿಯಬೇಕು. ದೀಪ ಆರಿಸಿದ ರಾತ್ರಿಯಿಂದ ಹೂ ಕೊಯ್ಯುವವರೆಗೆ ಹೆಚ್ಚಿನ ತಳಿಗಳಿಗೆ ಏಳರಿಂದ ಹತ್ತು ವಾರ ಬೇಕು. ಸಸಿ ಕೊಡುವ ನರ್ಸರಿಯವರನ್ನು ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ. "ಮೂರು ತಿಂಗಳಿಗೆ ಹೂ" ಎಂಬ ಉತ್ತರ ನಾಟಿಯಿಂದ ಎಣಿಸಿದ್ದು; ನಿಮಗೆ ಬೇಕಾದದ್ದು ಕತ್ತಲೆಯಿಂದ ಎಣಿಸಿದ್ದು.

ಒಂದು ಉದಾಹರಣೆ. ಆಯುಧಪೂಜೆ ಅಕ್ಟೋಬರ್ 20ರ ಸುಮಾರಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ಕೊಯ್ಲು ಒಂದು ವಾರ ಮುಂಚೆ, ಅಕ್ಟೋಬರ್ 13ಕ್ಕೆ ಶುರುವಾಗಬೇಕು. ತಳಿ ಎಂಟು ವಾರದ್ದಾದರೆ ದೀಪ ಆರುವ ದಿನ ಆಗಸ್ಟ್ 18. ಬಿಡಿ ಹೂವಿಗೆ ಕುಡಿ ಚಿವುಟಿ ಕವಲು ಬೆಳೆಸಬೇಕಾದ್ದರಿಂದ ದೀಪದ ಅವಧಿ ಸುಮಾರು ಏಳು ವಾರ, ಅಂದರೆ ನಾಟಿ ಜೂನ್ 30ಕ್ಕೆ. ಪಾಲಿಹೌಸ್‌ನಲ್ಲಿ ಚಿವುಟದೆ ಒಂಟಿ ಕಾಂಡ ಬೆಳೆಯುವವರಿಗೆ ಐದು ವಾರ ಸಾಕಾಗಬಹುದು, ನಾಟಿ ಜುಲೈ 14ಕ್ಕೆ.

ಈ ನಾಲ್ಕು ದಿನಾಂಕಗಳನ್ನು ಟೈಮರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಮನೆಯ ಕ್ಯಾಲೆಂಡರಿನಲ್ಲಿ ಬರೆದದ್ದು ಹೊಲದಲ್ಲಿ ನೆನಪಿಗೆ ಬರುವುದಿಲ್ಲ.

## ಹಂತ 2: ಬೆಳಕಿನಲ್ಲಿ ಬೆಳೆದ ಸಸಿಯನ್ನೇ ತನ್ನಿ

ಇಲ್ಲಿ ಎಡವುವವರ ಸಂಖ್ಯೆ ದೊಡ್ಡದು. ತಾಯಿ ಗಿಡಕ್ಕೆ ರಾತ್ರಿ ದೀಪ ಇಲ್ಲದಿದ್ದರೆ ಅದರಿಂದ ತೆಗೆದ ಕುಡಿಯೊಳಗೆ ಮೊಗ್ಗು ಆಗಲೇ ಹುಟ್ಟಿರುತ್ತದೆ. ನೋಡಲು ಸಸಿ ಹಸಿರಾಗಿ, ಚೊಕ್ಕವಾಗಿಯೇ ಇರುತ್ತದೆ. ನೆಟ್ಟು, ದೀಪ ಹಚ್ಚಿ ಎರಡು ವಾರ ಕಳೆದ ಮೇಲೆ ತುದಿಯಲ್ಲಿ ಮೊಗ್ಗು ಇಣುಕಿದಾಗ ಬೆಳೆಗಾರ ದೀಪವನ್ನು ಬೈಯುತ್ತಾನೆ. ಒಳಗೆ ಹುಟ್ಟಿದ ಮೊಗ್ಗನ್ನು ಹೊರಗಿನ ಬೆಳಕು ಅಳಿಸಲಾರದು.

ನರ್ಸರಿಗೆ ಸಂಜೆಯ ನಂತರ ಹೋಗಿ ತಾಯಿ ಗಿಡಗಳ ಮೇಲೆ ಬಲ್ಬು ಇದೆಯೇ, ಉರಿಯುತ್ತದೆಯೇ ಎಂದು ಕಣ್ಣಾರೆ ನೋಡಿ. ಸಂಕೋಚ ಬೇಡ. ನೋಡಲು ಬಿಡದ ನರ್ಸರಿಯಿಂದ ಸಸಿ ತರಬೇಡಿ.

ಹಳೆಯ ಬೆಳೆಯ ಬುಡದ ಕಂದುಗಳನ್ನೇ ನೆಡುವವರಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆ ಕಂದುಗಳು ಹೂವಿನ ಕಾಲದಲ್ಲೇ, ಉದ್ದ ಇರುಳಿನಲ್ಲೇ ಮೇಲೆ ಬಂದಿರುತ್ತವೆ. ತುದಿಯ ಎರಡು ಮೂರು ಎಲೆಗಳು ಕಚ್ಚುಗಳಿಲ್ಲದೆ ನೀಳವಾಗಿ, ಪಟ್ಟಿಯಂತಿದ್ದರೆ ಆ ಕಂದು ಹೂವಿನ ಕಡೆ ತಿರುಗಿದೆ ಎಂದರ್ಥ. ಬದಿಗೆ ಹಾಕಿ.

## ಹಂತ 3: ಬಲ್ಬು ಕಟ್ಟುವುದು ಮತ್ತು ಅಳೆಯುವುದು

ನಾಟಿಗೆ ಮೊದಲೇ ದೀಪ ಸಿದ್ಧವಿರಬೇಕು. ನೆಟ್ಟ ಮೇಲೆ ಎಲೆಕ್ಟ್ರಿಷಿಯನ್‌ಗೆ ಕಾಯುತ್ತಾ ಕೂತರೆ ಮೊದಲ ವಾರವೇ ಕೈತಪ್ಪುತ್ತದೆ. ಕೆಲವೇ ಕತ್ತಲ ರಾತ್ರಿಗಳು ಸಾಲಾಗಿ ಸಿಕ್ಕರೂ ಕುಡಿ ತಿರುಗಲು ಶುರುಮಾಡುತ್ತದೆ.

ಗುರಿ ಇಷ್ಟೇ: ಗಿಡದ ತುದಿಯ ಎತ್ತರದಲ್ಲಿ, ಎರಡು ಬಲ್ಬುಗಳ ನಡುವಿನ ಅತ್ಯಂತ ಮಬ್ಬಾದ ಜಾಗದಲ್ಲಿ ಸುಮಾರು 100 ಲಕ್ಸ್. ಬಲ್ಬಿನ ನೇರ ಕೆಳಗೆ ಅಳೆದು ಖುಷಿಪಡಬೇಡಿ. 9 ವ್ಯಾಟ್ ಬಲ್ಬನ್ನು ಗಿಡದ ತುದಿಯಿಂದ ಒಂದೂವರೆಯಿಂದ ಎರಡು ಮೀಟರ್ ಎತ್ತರದಲ್ಲಿ, ಎರಡೂವರೆ ಮೀಟರ್ ಅಂತರದಲ್ಲಿ ಕಟ್ಟಿ ಒಂದು ರಾತ್ರಿ ಅಳೆದು ನೋಡಿ. ಕಡಿಮೆ ಬಂದರೆ ಅಂತರವನ್ನು ಎರಡು ಮೀಟರಿಗೆ ಇಳಿಸಿ ಅಥವಾ 12 ವ್ಯಾಟ್ ಹಾಕಿ. ಬದುವಿನ ಅಂಚಿನ ಸಾಲಿಗೆ ಒಂದೇ ಕಡೆಯಿಂದ ಬೆಳಕು ಬರುವುದರಿಂದ ಅಂಚಿನಲ್ಲಿ ಬಲ್ಬು ಹತ್ತಿರ ಹತ್ತಿರ ಇರಲಿ. ಮೊದಲು ಮೊಗ್ಗು ಕಟ್ಟುವುದು ಯಾವಾಗಲೂ ಅಂಚಿನ ಸಾಲೇ.

ಹತ್ತು ಗುಂಟೆ ಎಂದರೆ ಸುಮಾರು ಸಾವಿರ ಚದರ ಮೀಟರ್. ಎರಡೂವರೆ ಮೀಟರ್ ಅಂತರದಲ್ಲಿ 160 ಬಲ್ಬು, ಒಟ್ಟು ಒಂದೂವರೆ ಕಿಲೋವ್ಯಾಟಿಗೆ ಸ್ವಲ್ಪ ಕಡಿಮೆ. ನಾಲ್ಕು ಗಂಟೆ ಉರಿದರೆ ಆರು ಯೂನಿಟ್ಟಿನೊಳಗೆ ಮುಗಿಯುತ್ತದೆ. ಹಳೆಯ 100 ವ್ಯಾಟ್ ಬುರುಡೆ ದೀಪದಲ್ಲಿ ಇದೇ ಕೆಲಸಕ್ಕೆ 16 ಕಿಲೋವ್ಯಾಟ್ ಬೇಕು. ಬುರುಡೆ ದೀಪದಲ್ಲಿ ಕಡುಗೆಂಪು ಕಿರಣದ ಪಾಲೂ ಹೆಚ್ಚು, ಅದು ಕಾಂಡವನ್ನು ಸಣಕಲಾಗಿ ಎಳೆಯುತ್ತದೆ. ವೋಲ್ಟೇಜ್ ಕುಸಿದಾಗ ಅದು ಮಂಕಾಗುವುದು ಇನ್ನೊಂದು ತೊಂದರೆ.

ತಂತಿಯ ಕೀಲುಗಳು ನೆಲ ಮುಟ್ಟಬಾರದು, ತುಂತುರು ನೀರಾವರಿಯ ಹಾದಿಯಲ್ಲಿರಬಾರದು. ಬರೀ ಟೇಪು ಸುತ್ತಿದ ಜೋಡಣೆ, ಒದ್ದೆ ಮಣ್ಣು, ಬರಿಗಾಲು: ಈ ಮೂರು ಒಂದೆಡೆ ಸೇರಿದರೆ ಜೀವಕ್ಕೇ ಅಪಾಯ. ಈ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

## ಹಂತ 4: ಗಂಟೆ ನಿಗದಿ

ಸಂಜೆ ಆರೂವರೆಗೆ ಹಚ್ಚಿ ಎಂಟೂವರೆಗೆ ಆರಿಸಿ ಮಲಗಲು ಹೋಗುವುದು ಅತ್ಯಂತ ಸಾಮಾನ್ಯ ತಪ್ಪು. ಡಿಸೆಂಬರಿನಲ್ಲಿ ಎಂಟೂವರೆಯಿಂದ ಬೆಳಗಿನ ಆರೂಕಾಲರವರೆಗೆ ಇನ್ನೂ ಒಂಬತ್ತು ಮುಕ್ಕಾಲು ಗಂಟೆ ಕತ್ತಲು ಉಳಿಯುತ್ತದೆ. ಬೇಗ ಹೂ ಬಿಡುವ ತಳಿಗಳಿಗೆ ಅಷ್ಟು ಸಾಕು. ಅದೇ ಬೆಳಕನ್ನು ಇರುಳಿನ ನಡುವೆ ಇಟ್ಟರೆ ಎರಡೂ ಕಡೆಯ ಕತ್ತಲು ಐದು ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಯಾವ ತುಂಡೂ ಏಳು ಗಂಟೆ ಮೀರದಂತೆ ನೋಡಿಕೊಳ್ಳುವುದು ನಿಯಮ.

ಇರುಳಿನ ನಡು ಎಲ್ಲಿದೆ? ಗಡಿಯಾರದ ಹನ್ನೆರಡಕ್ಕಲ್ಲ. ಭಾರತದ ಸಮಯವನ್ನು 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಲಾಗಿದೆ, ಬೆಂಗಳೂರು ಇರುವುದು 77.6ರ ಹತ್ತಿರ. ಹಾಗಾಗಿ ನಮ್ಮ ನಿಜವಾದ ನಡುರಾತ್ರಿ 12.20ರ ಸುಮಾರಿಗೆ ಬೀಳುತ್ತದೆ. ಬೆಳಗಾವಿಯ ಕಡೆಗೆ ಇನ್ನೂ ತುಸು ತಡ. ರಾತ್ರಿ 10.20ರಿಂದ 2.20 ಸರಿಯಾದ ವೇಳೆ. ಹತ್ತರಿಂದ ಎರಡು ಎಂದಿಟ್ಟರೂ ನಷ್ಟವಿಲ್ಲ.

ಖರ್ಚು ತಗ್ಗಿಸಲು ಒಂದು ದಾರಿಯಿದೆ. ಆ ನಾಲ್ಕು ಗಂಟೆಯುದ್ದಕ್ಕೂ ಉರಿಸುವ ಬದಲು ಪ್ರತಿ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಉರಿಸಿ ಇಪ್ಪತ್ತು ನಿಮಿಷ ಬಿಟ್ಟರೂ ಗಿಡ ಅದನ್ನು ಬೆಳಕೆಂದೇ ಗ್ರಹಿಸುತ್ತದೆ. ಹೊಲವನ್ನು ಮೂರು ಭಾಗ ಮಾಡಿ ಸರದಿಯಲ್ಲಿ ಹತ್ತು ಹತ್ತು ನಿಮಿಷ ಹಚ್ಚಿದರೆ ಒಂದು ಹೊತ್ತಿನ ಹೊರೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಗುಂಟೆಗೆ ಅರ್ಧ ಕಿಲೋವ್ಯಾಟ್, ರಾತ್ರಿಗೆ ಎರಡು ಯೂನಿಟ್. ಇಷ್ಟಾದರೆ 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿಯ ಇನ್ವರ್ಟರ್ ಕೂಡ ಹೊರಬಲ್ಲದು. ಎಲ್ಇಡಿಗೆ ಈ ಕ್ರಮ ಒಗ್ಗುತ್ತದೆ. ಸಿಎಫ್ಎಲ್ ಇರುವವರು ಮಾಡಬೇಡಿ; ಅದು ಪೂರ್ತಿ ಬೆಳಗಲು ಸಮಯ ತೆಗೆದುಕೊಳ್ಳುತ್ತದೆ, ಪದೇ ಪದೇ ಹಚ್ಚಿದರೆ ಬೇಗ ಹಾಳಾಗುತ್ತದೆ. ಬೆಳಕು 100 ಲಕ್ಸ್‌ಗಿಂತ ಕಡಿಮೆಯಿರುವ ಹೊಲದಲ್ಲೂ ಈ ಉಳಿತಾಯಕ್ಕೆ ಕೈಹಾಕಬಾರದು.

ಕರೆಂಟು ಹೋದರೆ? ಒಂದು ರಾತ್ರಿ ತಪ್ಪಿದರೆ ಗಾಬರಿ ಬೇಡ. ಬೆಳಗಿನ ಜಾವ ಮೂರರೊಳಗೆ ಮರಳಿ ಬಂದರೆ ಆಗಲೇ ಎದ್ದು ಕನಿಷ್ಠ ಒಂದು ಗಂಟೆ ಉರಿಸಿ, ಇರುಳು ತುಂಡಾಗುತ್ತದೆ. ಸಾಲಾಗಿ ಮೂರು ನಾಲ್ಕು ರಾತ್ರಿ ತಪ್ಪಿದರೆ ಮಾತ್ರ ಬೆಳೆ ಕೈಮೀರುತ್ತದೆ. ಆ ಎಲ್ಲ ರಾತ್ರಿಗಳನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಎರಡು ಮೂರು ವಾರದ ನಂತರ ಅಕಾಲದ ಮೊಗ್ಗು ಕಂಡಾಗ ಕಾರಣ ಹುಡುಕಿಕೊಂಡು ಅಲೆಯಬೇಕಾಗಿಲ್ಲ.

## ಹಂತ 5: ದೀಪದ ದಿನಗಳಲ್ಲಿ ಗಿಡ ಕಟ್ಟುವುದು

ದೀಪ ಕೊಟ್ಟ ಸಮಯವನ್ನು ಬಳಸಿಕೊಳ್ಳದಿದ್ದರೆ ವಿದ್ಯುತ್ ಬಿಲ್ಲಷ್ಟೇ ಉಳಿಯುತ್ತದೆ. ಬಿಡಿ ಹೂವಿನ ಬೆಳೆಯಲ್ಲಿ ನೆಟ್ಟ ಮೂರು ನಾಲ್ಕು ವಾರಕ್ಕೆ ಕುಡಿ ಚಿವುಟಿ. ಚಿವುಟಿದ ಮೇಲೆ ಬರುವ ಕವಲುಗಳಿಗೂ ಮೂರು ನಾಲ್ಕು ವಾರ ದೀಪದ ರಕ್ಷಣೆ ಬೇಕು. ಚಿವುಟಿದ ಮರುವಾರವೇ ದೀಪ ಆರಿಸಿದರೆ ಗೇಣುದ್ದದ ಕವಲಿನಲ್ಲಿ ಹೂ ಬಂದು, ಗಿಡ ಹೂವಿನ ಮುದ್ದೆಯಾಗಿ ಕೂರುತ್ತದೆ. ಕೀಳಲು ಕೂಲಿ ಹೆಚ್ಚು, ತೂಕ ಕಡಿಮೆ.

ಸಾರಜನಕ ಕೊಡುವ ಕಾಲ ಇದು. ಎಲೆ ಅಗಲವಾಗಿ, ಕಡುಹಸಿರಾಗಿ, ಕಚ್ಚುಗಳು ಆಳವಾಗಿರಬೇಕು.

ವಾರಕ್ಕೆ ಒಂದು ರಾತ್ರಿಯಾದರೂ ಹನ್ನೊಂದು ಗಂಟೆಗೆ ತೋಟ ಸುತ್ತಿ ಕೆಟ್ಟ ಬಲ್ಬುಗಳನ್ನು ಎಣಿಸಿ. ಹಗಲಿನಲ್ಲಿ ಒಳ್ಳೆಯ ಬಲ್ಬೂ ಕೆಟ್ಟ ಬಲ್ಬೂ ಒಂದೇ ಥರ ಕಾಣುತ್ತವೆ. ಹೊಲದ ನಡುವೆ ಗುಂಡಗೆ ಒಂದೆರಡು ಮೀಟರ್ ಜಾಗದಲ್ಲಿ ಮಾತ್ರ ಮೊಗ್ಗು ಬಂದಿದ್ದರೆ ತಲೆಯೆತ್ತಿ ನೋಡಿ, ಅಲ್ಲಿ ಆರಿದ ಬಲ್ಬು ಇರುತ್ತದೆ. ಗಿಡ ಬೆಳೆದಂತೆ ಬಲ್ಬು ತುದಿಗೆ ಹತ್ತಿರವಾಗಿ ಬೆಳಕು ಹರಡುವ ವಿಸ್ತಾರ ಕುಗ್ಗುತ್ತದೆ, ತಂತಿಯನ್ನು ಏರಿಸುವ ಅನುಕೂಲ ಮೊದಲೇ ಇರಲಿ.

## ಹಂತ 6: ದೀಪ ಆರಿಸುವ ರಾತ್ರಿ

ದಿನಾಂಕ ಬಂದಿತೆಂದ ಮಾತ್ರಕ್ಕೆ ಆರಿಸಬೇಡಿ, ಗಿಡವನ್ನೂ ನೋಡಿ. ದೀಪ ಆರಿಸಿದ ಮೇಲೂ ಕಾಂಡ ಬೆಳೆಯುತ್ತದೆ, ಅನೇಕ ತಳಿಗಳಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಎಂಬತ್ತು ಸೆಂಟಿಮೀಟರ್ ಕಾಂಡ ಬೇಕಾದವರು 35ರಿಂದ 40ಕ್ಕೆ ಬಂದಾಗ ಆರಿಸಬೇಕು. ಗಿಡ ಇನ್ನೂ 20 ಸೆಂಟಿಮೀಟರ್ ಇದ್ದು ದಿನಾಂಕ ಬಂದಿದ್ದರೆ ಹಬ್ಬ ಅಥವಾ ಕಾಂಡ, ಎರಡರಲ್ಲಿ ಒಂದನ್ನು ಬಿಡಬೇಕು. ಬಿಡಿ ಹೂವಿನವರು ಕಾಂಡ ಬಿಡಬಹುದು. ಗೊಂಚಲು ಕಟ್ಟಿ ಬೆಂಗಳೂರಿನ ಹೆಬ್ಬಾಳದ ಹೂ ಹರಾಜಿಗೆ ಕಳಿಸುವವರು ಹಬ್ಬವನ್ನು ಬಿಡುವುದೇ ವಾಸಿ. ಗಿಡ್ಡ ಕಾಂಡದ ಹೂವಿಗೆ ದರ್ಜೆ ಸಿಗುವುದಿಲ್ಲ.

ಆರಿಸುವುದೆಂದರೆ ಒಂದೇ ರಾತ್ರಿ, ಇಡೀ ಹೊಲ, ಪೂರ್ತಿಯಾಗಿ. "ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತೇನೆ" ಎಂದು ನಾಲ್ಕು ಗಂಟೆಯನ್ನು ಮೂರಕ್ಕೆ, ಎರಡಕ್ಕೆ ಇಳಿಸಿದರೆ ಗಿಡ ದಾರಿ ಕಾಣದೆ ನಿಲ್ಲುತ್ತದೆ. ಟೈಮರ್ ಬಂದ್ ಮಾಡಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ.

ಇನ್ನು ಮೂರು ವಾರ ಕತ್ತಲನ್ನು ಕಾಯುವ ಕೆಲಸ. ರಾತ್ರಿ ಒಂಬತ್ತಕ್ಕೆ ಹೊಲದೊಳಗೆ ಹೋಗಿ ಗಿಡದ ಎತ್ತರಕ್ಕೆ ಬಗ್ಗಿ ನಾಲ್ಕೂ ದಿಕ್ಕು ನೋಡಿ. ಬೀದಿ ದೀಪ, ಕೋಳಿ ಫಾರಂ, ಗೇಟಿನ ಫ್ಲಡ್‌ಲೈಟ್, ತಿರುವಿನಲ್ಲಿ ಹೊಲದ ಮೇಲೆ ಬೀಳುವ ಲಾರಿಗಳ ಬೆಳಕು. ಆ ಬೆಳಕಿನಲ್ಲಿ ದಿನಪತ್ರಿಕೆಯ ಸಣ್ಣಕ್ಷರ ಓದಲು ಬಂದರೆ ಅದು ಹೆಚ್ಚಾಯಿತು. ಹುಣ್ಣಿಮೆಯನ್ನು ದೂರುವವರಿದ್ದಾರೆ; ತಿಂಗಳ ಬೆಳಕು ಅರ್ಧ ಲಕ್ಸ್ ಕೂಡ ಮುಟ್ಟುವುದಿಲ್ಲ, ಅದನ್ನು ಬಿಟ್ಟುಬಿಡಿ.

ಪಕ್ಕದ ಹೊಲದವರು ದೀಪ ಹಚ್ಚಿದ್ದರೆ, ಅಥವಾ ನಿಮ್ಮದೇ ಎರಡನೇ ತಂಡದ ನಾಟಿ ಪಕ್ಕದಲ್ಲಿ ದೀಪದಡಿ ಇದ್ದರೆ ನಡುವೆ ಕಪ್ಪು ಪರದೆ ಬೇಕು, ಬಲ್ಬಿಗಿಂತ ಎತ್ತರಕ್ಕೆ. ನೆರಳು ಪರದೆ ಬೆಳಕನ್ನು ಕಡಿಮೆ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ನಾಟಿಗೆ ಮೊದಲೇ ಪಕ್ಕದವರೊಡನೆ ಒಮ್ಮೆ ಕೂತು ಮಾತನಾಡಿದರೆ ಪರದೆಯ ಖರ್ಚು ಅರ್ಧ ಉಳಿಯುತ್ತದೆ.

## ಹಂತ 7: ಕಪ್ಪು ಪರದೆ ಯಾರಿಗೆ ಬೇಕು

ಬಯಲಿನ ಬೆಳೆಗಾರರಿಗೆ ವರ್ಷದ ಹೆಚ್ಚಿನ ಕಾಲ ಬೇಡ. ಮೇ ಕೊನೆಯಿಂದ ಜುಲೈವರೆಗೆ ಹಗಲು ಮತ್ತು ಮಬ್ಬು ಬೆಳಕು ಸೇರಿ ಹದಿಮೂರೂವರೆ ಗಂಟೆಯ ಹತ್ತಿರ ಬರುತ್ತದೆ, ಬೀದರ್ ಕಲಬುರಗಿಯ ಕಡೆ ಅದಕ್ಕೂ ತುಸು ಹೆಚ್ಚು. ಆ ತಿಂಗಳುಗಳಲ್ಲಿ ದೀಪ ಆರಿಸಿ ಶ್ರಾವಣದ ಹೂವಿಗೆ ಕಾಯುವವರಿಗೆ, ಅದರಲ್ಲೂ ತಡವಾಗಿ ಹೂ ಬಿಡುವ ತಳಿ ಇದ್ದರೆ, ಮೊಗ್ಗು ಒಂದೇ ಸಮ ಬರುವುದಿಲ್ಲ. ಪಾಲಿಹೌಸ್‌ನಲ್ಲಿ ಪರದೆ ಎಳೆಯುವುದು ಆಗ ಫಲ ಕೊಡುತ್ತದೆ.

ಸಂಜೆ ಆರಕ್ಕೆ ಎಳೆದು ಬೆಳಿಗ್ಗೆ ಏಳಕ್ಕೆ ತೆಗೆದರೆ ಹದಿಮೂರು ಗಂಟೆ ಕತ್ತಲು. ಮೊದಲ ಮೂರು ವಾರ ಒಂದು ರಾತ್ರಿಯೂ ತಪ್ಪಬಾರದು. ಮೊಗ್ಗಿನಲ್ಲಿ ಬಣ್ಣ ಕಂಡ ಮೇಲೆ ನಿಲ್ಲಿಸಬಹುದು. ಪರದೆ ಎಳೆದು ಒಳಗೆ ನಿಂತು ಐದು ನಿಮಿಷ ಕಣ್ಣು ಹೊಂದಿಸಿಕೊಳ್ಳಿ. ತೂತುಗಳು ನಕ್ಷತ್ರಗಳಂತೆ ಕಾಣಿಸುತ್ತವೆ, ಅವನ್ನೆಲ್ಲ ಮುಚ್ಚಿ.

ಎಚ್ಚರವಿರಬೇಕಾದದ್ದು ಬಿಸಿಯ ಬಗ್ಗೆ. ಬಿಸಿಲು ಇಳಿಯುವ ಮೊದಲೇ ಕಪ್ಪು ಹಾಳೆ ಎಳೆದರೆ ಒಳಗೆ ಧಗೆ ಕಟ್ಟಿಕೊಳ್ಳುತ್ತದೆ. ಇರುಳಿನ ತಾಪ 25 ಡಿಗ್ರಿ ಮೀರಿದರೆ ಕತ್ತಲು ಎಷ್ಟೇ ಸರಿಯಿದ್ದರೂ ಮೊಗ್ಗು ತಡವಾಗುತ್ತದೆ. ತೇವ ನಿಂತು ಎಲೆಯ ಅಡಿಯಲ್ಲಿ ಬಿಳಿ ತುಕ್ಕು ರೋಗವೂ ಬರಬಹುದು. ಕತ್ತಲಾದ ಮೇಲೆ, ಹೊರಗೆ ಬೇರೆ ಬೆಳಕಿಲ್ಲದಿದ್ದರೆ, ಪಕ್ಕದ ಪರದೆಗಳನ್ನು ಸ್ವಲ್ಪ ಎತ್ತಿ ಗಾಳಿ ಬಿಡಿ. ಬೆಳಕು ಹರಿಯುವ ಮುನ್ನ ಮತ್ತೆ ಇಳಿಸಬೇಕು. ಅದಕ್ಕೆ ಒಬ್ಬರು ನಸುಕಿನಲ್ಲಿ ಏಳಲೇಬೇಕು. ಏಳುವವರಿಲ್ಲದಿದ್ದರೆ ಈ ಹಂತವನ್ನೇ ಕೈಬಿಟ್ಟು ಆ ಕಾಲಕ್ಕೆ ಬೇರೆ ತಳಿ ಹುಡುಕಿ.

## ಹಂತ 8: ಗಿಡ ಹೇಳುವುದನ್ನು ಓದುವುದು

ಎಲ್ಲ ಸರಿಯಿದ್ದರೆ ದೀಪ ಆರಿಸಿ ಸುಮಾರು ಮೂರು ವಾರಕ್ಕೆ ಮೊಗ್ಗು ಕಣ್ಣಿಗೆ ಕಾಣುತ್ತದೆ. ಐದನೆಯ ವಾರದ ಹೊತ್ತಿಗೆ ಬಟಾಣಿ ಗಾತ್ರ, ಆರೇಳನೆಯ ವಾರಕ್ಕೆ ಬಣ್ಣ. ಮೊಗ್ಗು ಕಂಡ ಮೇಲೆ ಸಾರಜನಕ ತಗ್ಗಿಸಿ, ಪೊಟ್ಯಾಷ್ ಹೆಚ್ಚಿಸಿ. ಗೊಂಚಲು ಹೂ ಬೆಳೆಯುವವರು ನಡುವಿನ ದೊಡ್ಡ ಮೊಗ್ಗನ್ನು, ಒಂಟಿ ಹೂ ಬೆಳೆಯುವವರು ಬದಿಯ ಮೊಗ್ಗುಗಳನ್ನು ತೆಗೆಯುವುದು ಬಟಾಣಿ ಗಾತ್ರಕ್ಕೆ ಮುಂಚೆ.

ಕ್ರಮ ತಪ್ಪಿದ್ದರೆ ಹೀಗೆ ಕಾಣುತ್ತದೆ:

ತುದಿಯಲ್ಲಿ ಒಂಟಿ ಮೊಗ್ಗು, ಅದರ ಸುತ್ತ ಪಟ್ಟಿಯಂಥ ಎಲೆಗಳು, ಮೊಗ್ಗನ್ನು ದಾಟಿ ಮೇಲೇಳುವ ಹಸಿರು ಕವಲುಗಳು. ಮೊಗ್ಗು ಶುರುವಾಗುವಷ್ಟು ಕತ್ತಲು ಸಿಕ್ಕಿತು, ಮುಂದುವರಿಯುವಷ್ಟು ಸಿಗಲಿಲ್ಲ. ದೀಪದ ಅವಧಿಯಲ್ಲಿದ್ದರೆ ಬಲ್ಬು ಅಥವಾ ಟೈಮರ್ ಕೈಕೊಟ್ಟಿದೆ. ಆ ತುದಿಯನ್ನು ಚಿವುಟಿ, ದೀಪ ಸರಿಪಡಿಸಿ, ಕವಲಿನಿಂದ ಬೆಳೆ ಮತ್ತೆ ಕಟ್ಟಿ. ಕತ್ತಲೆಯ ಅವಧಿಯಲ್ಲಿದ್ದರೆ ಎಲ್ಲಿಂದಲೋ ಬೆಳಕು ಬೀಳುತ್ತಿದೆ.

ನಾಲ್ಕು ವಾರವಾದರೂ ಮೊಗ್ಗಿಲ್ಲ, ಎಲೆ ಮಾತ್ರ ಬರುತ್ತಿದೆ. ಇಡೀ ಹೊಲದಲ್ಲಿ ಹೀಗಿದ್ದರೆ ಬಿಸಿ ಇರುಳು ಅಥವಾ ತಳಿಯ ಅವಧಿ ತಪ್ಪಾಗಿ ತಿಳಿದದ್ದು ಕಾರಣ. ಒಂದು ಬದಿಯಲ್ಲಿ ಮಾತ್ರ ಹೀಗಿದ್ದರೆ ಆ ಬದಿಯ ಬೆಳಕನ್ನು ಹುಡುಕಿ.

ಹೂ ಅರಳಿತು, ಆದರೆ ಎಸಳು ಕಡಿಮೆ, ನಡುವಿನ ತಟ್ಟೆ ಕಾಣುತ್ತದೆ. ಇದಕ್ಕೆ ಬೆಳಕಿನ ವೇಳೆಯಷ್ಟೇ ಕಾರಣ ಎಂದು ಹೇಳಲಾಗದು. ಬಿಸಿ, ಬೇರಿನ ತೊಂದರೆ, ನೀರಿನ ಏರುಪೇರು ಎಲ್ಲವನ್ನೂ ನೋಡಬೇಕು. ನೋಟ್‌ಬುಕ್ಕಿನಲ್ಲಿ ತಪ್ಪಿದ ರಾತ್ರಿಗಳಿಲ್ಲದಿದ್ದರೆ ಮೊದಲು ಬೇರು ಕಿತ್ತು ನೋಡಿ.

ಕಾಂಡ ಸಣಕಲು, ಗೆಣ್ಣುಗಳ ನಡುವೆ ಅಂತರ ಹೆಚ್ಚು. ರಾತ್ರಿಯ ದೀಪ ಹಗಲಿನ ಬಿಸಿಲಿಗೆ ಬದಲಿಯಲ್ಲ. 100 ಲಕ್ಸ್ ಗಿಡಕ್ಕೆ ಸುದ್ದಿ ಮುಟ್ಟಿಸುತ್ತದೆ, ಆಹಾರ ಕೊಡುವುದಿಲ್ಲ. ಪಾಲಿಹೌಸ್‌ನ ಹಾಳೆ ಧೂಳು ಹಿಡಿದಿದ್ದರೆ ತೊಳೆಯಿರಿ, ನೆರಳು ಪರದೆ ಎಳೆದು ಮರೆತಿದ್ದರೆ ಸರಿಸಿ, ನಾಟಿಯ ಅಂತರ ನೋಡಿ.

ದೀಪ ಆರಿಸಿದ ಮೇಲೆ ಮೊಗ್ಗು ತಡವಾಯಿತೆಂದು ಗಾಬರಿಯಾಗಿ ಮತ್ತೆ ದೀಪ ಹಚ್ಚುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಗೊಂಚಲಿನ ಆಕಾರ ತಿದ್ದಲು ಎರಡು ವಾರದ ಕತ್ತಲೆಯ ನಂತರ ಕೆಲವು ದಿನ ದೀಪ ಕೊಟ್ಟು ಮತ್ತೆ ಆರಿಸುವ ಒಂದು ವಿಧಾನವಿದೆ ನಿಜ. ಅದು ತಳಿಯ ನಡತೆ ಪೂರ್ತಿ ಗೊತ್ತಿದ್ದವರು ದಿನ ಎಣಿಸಿ ಮಾಡುವ ಕೆಲಸ. ಮೊದಲೆರಡು ಬೆಳೆಯಲ್ಲಿ ಅದರ ಹತ್ತಿರ ಸುಳಿಯಬೇಡಿ.

## ಹಂತ 9: ಕೊಯ್ಲಿನ ನಂತರದ ದೀಪ

ಬಿಡಿ ಹೂವನ್ನು ಪೂರ್ತಿ ಅರಳಿದ ಮೇಲೆ, ಇಬ್ಬನಿ ಆರಿದ ನಂತರ ಕೀಳಿ. ಒದ್ದೆ ಹೂ ಚೀಲದಲ್ಲಿ ಬಿಸಿಯಾಗಿ ಮಾರುಕಟ್ಟೆ ಮುಟ್ಟುವ ಮುಂಚೆ ಕಪ್ಪಾಗುತ್ತದೆ.

ಮುಂದಿನ ನಾಟಿಗೆ ಇದೇ ಗಿಡಗಳಿಂದ ಕಂದು ತೆಗೆಯುವ ಯೋಚನೆಯಿದ್ದರೆ, ರೋಗವಿಲ್ಲದ ಗಿಡಗಳನ್ನು ಹೂವಿರುವಾಗಲೇ ದಾರ ಕಟ್ಟಿ ಗುರುತಿಸಿ. ಕೊಯ್ಲು ಮುಗಿದ ದಿನ ಅವನ್ನು ಬುಡದಿಂದ ಒಂದು ಗೇಣು ಬಿಟ್ಟು ಸವರಿ, ಅದೇ ರಾತ್ರಿ ಅವುಗಳ ಮೇಲೆ ದೀಪ ಹಚ್ಚಿ. ಕಂದುಗಳು ಮಣ್ಣಿನಿಂದ ತಲೆಯೆತ್ತುವ ಹೊತ್ತಿಗೆ ಇರುಳು ತುಂಡಾಗಿರಬೇಕು. ಜಾಗ ಚಿಕ್ಕದಾದ್ದರಿಂದ ಹತ್ತಿಪ್ಪತ್ತು ಬಲ್ಬು ಸಾಕು, ಆದರೆ ಕಂದು ಅಥವಾ ಕುಡಿ ಕೀಳುವ ದಿನದವರೆಗೆ ಒಂದು ರಾತ್ರಿಯೂ ಬಿಡದೆ ಉರಿಯಬೇಕು. ಟೈಮರಿನ ಬ್ಯಾಟರಿಯನ್ನು ಈಗಲೇ ಬದಲಿಸಿ.